ಮುದ್ದೆಗೆ ಹಲ್ಲೇಕೆ?

ಬಾಯಿ ತುಂಬ ಹಲ್ಲಿದ್ದೂ ಮಿಕ್ಸಿಯ ಕೃಪೆಯಲ್ಲಿ ಬದುಕುವುದು ಎಂಥ ಅವಮಾನ ಎಂಬುದು ದವಡೆ ಮುರಿದುಕೊಂಡವನಿಗೇ ಗೊತ್ತು. ನನ್ನದು ಮುರಿದದ್ದು ತುಮಕೂರಿನ ಶಿರಾ ಗೇಟಿನಲ್ಲಿ. ಹೊಸದಾಗಿ ತೆರೆದ ಹೋಟೆಲಿನ ಮುಂದೆ 'ಬಿಸಿ ಬಿಸಿ ಮುದ್ದೆ ಊಟ' ಎಂಬ ಬೋರ್ಡು ಕಂಡು ಕತ್ತು ತಿರುಗಿಸಿದೆ. ಕತ್ತಿನ ಜೊತೆ ಸ್ಕೂಟರೂ ತಿರುಗಿತು. ಎದುರಿಗಿದ್ದ ಎಳನೀರಿನ ಗಾಡಿ ಮಾತ್ರ ತಿರುಗಲಿಲ್ಲ. (ಎಳನೀರಿನವನು ನನ್ನನ್ನು ಎತ್ತಿ ಕೂರಿಸಿ ಮೊದಲು ಕೇಳಿದ್ದು, "ನೀರಿರೋದ್ ಕೊಡ್ಲಾ ಸಾರ್, ಗಂಜಿ ಇರೋದ್ ಕೊಡ್ಲಾ" ಎಂದು.)

ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ, ಮೇಲಿನ ಹಲ್ಲುಗಳನ್ನು ಕೆಳಗಿನ ಹಲ್ಲುಗಳಿಗೆ ತಂತಿಯಿಂದ ಬಿಗಿದು ಕಳಿಸಿದರು. ಅಲ್ಲಿಂದ ಊಟವೆಲ್ಲ ಸ್ಟ್ರಾ ಮೂಲಕ. ನನ್ನ ಹೆಂಡತಿ ತನುಶ್ರೀ ಶಿಸ್ತಿನ ಹೆಂಗಸು. ಮನೆಯಲ್ಲಿ ಏನು ಮಾಡಿದ್ದರೂ ಅದನ್ನೇ ಮಿಕ್ಸಿಗೆ ಹಾಕಿ, ಗರ್ ಎನಿಸಿ, ಸೋಸಿ, ಲೋಟದಲ್ಲಿ ತಂದಿಡುತ್ತಿದ್ದಳು. ಇಡ್ಲಿ ಸಾಂಬಾರ್ ಕುಡಿದೆ. ಬಿಸಿಬೇಳೆಬಾತ್ ಕುಡಿದೆ. ಒಂದು ದಿನ ಚಿತ್ರಾನ್ನವನ್ನೂ ಕುಡಿದೆ. ಆ ದಿನದ ಬಗ್ಗೆ ಹೆಚ್ಚು ಹೇಳಲಾರೆ. ಇವತ್ತೇನು ತಿಂಡಿ ಎಂದು ಹಲ್ಲುಸಂದಿಯಿಂದ ಕೇಳಿದರೆ, "ಹಳದಿ ಬಣ್ಣದ್ದು" ಎನ್ನುತ್ತಿದ್ದಳು. ಉಪ್ಪು ಕಡಿಮೆ ಎಂದು ಸನ್ನೆ ಮಾಡಿದರೆ, "ಅಷ್ಟು ಚೆನ್ನಾಗಿದ್ಯಾ? ಇರಿ, ಇನ್ನೊಂದ್ ಲೋಟ ತರ್ತೀನಿ" ಎಂದು ಒಳಗೆ ಹೋಗುತ್ತಿದ್ದಳು. ಮದುವೆಯಾದಾಗಿನಿಂದ ಅವಳ ಅಡುಗೆಗೆ ನಾನು ಕೊಟ್ಟ ಮಾರ್ಕುಗಳನ್ನೆಲ್ಲ ಬಡ್ಡಿಸಮೇತ ಹಿಂದಿರುಗಿಸುತ್ತಿದ್ದಾಳೆ ಎಂದು ನನಗೆ ಬಲವಾದ ಅನುಮಾನ.

ಇದನ್ನೂ ಸಹಿಸುತ್ತಿದ್ದೆ. ಆದರೆ ಅಷ್ಟರಲ್ಲಿ ನನ್ನ ಭಾವಮೈದುನ ಭಾನುಪ್ರಕಾಶನ ಮದುವೆಯಾಯಿತು, ಕಡಬದಲ್ಲಿ ಬೀಗರೂಟ ಗೊತ್ತಾಯಿತು.

ಕಡಬದ ಅತ್ತೆಮನೆಯಲ್ಲಿ ನನ್ನ ಸ್ಥಾನವೇನೆಂದು ಹೇಳಬೇಕು. ನಾನು ತುಮಕೂರು ಪೇಟೆಯ ಅನ್ನದ ಮನೆಯವನು. ಮುದ್ದೆಯ ದೀಕ್ಷೆ ಪಡೆದದ್ದು ನನ್ನ ಸ್ವಂತ ಬೀಗರೂಟದಲ್ಲಿ. ಪೇಟೆ ಹುಡುಗ ಅರ್ಧ ಮುದ್ದೆಗೆ ಏಳುತ್ತಾನೆ ಎಂದು ಊರವರೆಲ್ಲ ನಗಲು ಕಾದಿದ್ದರು. ನಾನು ನಾಲ್ಕು ಮುಗಿಸಿ ಎದ್ದೆ. ಅಂದಿನಿಂದ ಮಾವ ಪುಟ್ಟರಂಗಯ್ಯನವರು ಕೆರೆ ಏರಿಯ ಮೇಲೆ ಯಾರು ಸಿಕ್ಕರೂ, "ನಮ್ ಅಳಿಯ ಪೇಟೆಯವ್ನೇ, ಆದ್ರೆ ಮುದ್ದೆ ನುಂಗೋದ್ರಲ್ಲಿ ಹಳ್ಳಿಯವ್ರ್ನ ನೀವಾಳಿಸಿ ಬಿಸಾಕ್ಬೇಕು" ಎಂದು ಹೇಳುತ್ತಲೇ ಇದ್ದಾರೆ. ಅಲ್ಲಿ ನನಗಿರುವ ಮರ್ಯಾದೆ ಆ ನಾಲ್ಕು ಮುದ್ದೆಗಳ ಮೇಲೆಯೇ ನಿಂತಿದೆ. ಈಗ ಹೊಸ ಬೀಗರು ಹುಬ್ಬಳ್ಳಿಯಲ್ಲಿ ನೆಲೆಸಿದವರು, ರೊಟ್ಟಿ ರೂಢಿಯಾದವರು. ಅವರ ಎದುರು ಮನೆಯ ಹಿರಿಯ ಅಳಿಯ ಸ್ಟ್ರಾ ಹಿಡಿದು ಕೂರುವುದೇ?

ಪುಣ್ಯಕ್ಕೆ ಬೀಗರೂಟದ ಮುನ್ನಾ ದಿನ ಡಾಕ್ಟರಮ್ಮ ತಂತಿ ಬಿಚ್ಚಿ ರಬ್ಬರ್ ಬ್ಯಾಂಡ್ ಹಾಕಿದರು. ಊಟದ ಹೊತ್ತಿಗೆ ಅದನ್ನು ತೆಗೆಯಬಹುದು, ಎರಡು ಬೆರಳಿನಷ್ಟು ಬಾಯಿ ತೆರೆಯಬಹುದು.

"ಆದ್ರೆ ಏನನ್ನೂ ಅಗಿಯೋ ಹಾಗಿಲ್ಲ. ಅಗಿದ್ರೆ ಮತ್ತೆ ತಂತಿ" ಎಂದರು.

"ಅಗೀದೆ ನುಂಗೋದು?"

"ನುಂಗೋದಾದ್ರೆ ತೊಂದ್ರೆ ಇಲ್ಲ."

ನನ್ನ ತಲೆಯಲ್ಲಿ ದೀಪ ಹತ್ತಿತು. ಅಗಿಯದೆ ನುಂಗುವ ಘನಾಹಾರ ಭೂಮಂಡಲದಲ್ಲಿ ಯಾವುದಿದೆ? ಮುದ್ದೆಗೆ ಹಲ್ಲು ತಾಗಿಸಿದವನನ್ನು ನಮ್ಮ ಕಡೆ ಮನುಷ್ಯರ ಲೆಕ್ಕಕ್ಕೇ ಇಡುವುದಿಲ್ಲ. ದವಡೆಯ ರೋಗಿಗಳಿಗೆಂದೇ ನಮ್ಮ ಪೂರ್ವಜರು ಕಂಡುಹಿಡಿದ ಪರಮ ಪಥ್ಯವದು. ಡಾಕ್ಟರಮ್ಮನಿಗೆ ಕೈಮುಗಿದು ಎದ್ದೆ.

ಬಸ್ಸಿನಲ್ಲಿ ವಿಷಯ ತಿಳಿಸಿದಾಗ ತನುಶ್ರೀ ಕಿಟಕಿಯಾಚೆ ನೋಡುತ್ತಾ, "ಬೇಡ ರೀ" ಎಂದಳು.

"ಡಾಕ್ಟ್ರೇ ಹೇಳವ್ರೆ ಕಣೇ, ನುಂಗ್ಬೋದು ಅಂತ."

"ಅವ್ರು ನುಂಗೋರಿಗೆ ಹೇಳಿದ್ದು. ನೀವು ಊಟ ಮಾಡೋದನ್ನ ನಾನ್ ನೋಡಿಲ್ವಾ?"

ಈ ಮಾತಿನ ಆಳ ನನಗೆ ಆಗ ತಿಳಿಯಲಿಲ್ಲ. ನನ್ನ ಕೀರ್ತಿ ಕಂಡು ಹೊಟ್ಟೆಕಿಚ್ಚು ಎಂದುಕೊಂಡೆ.

ಮರುದಿನ ಕಡಬದ ಮನೆಯ ಮುಂದಿನ ಚಪ್ಪರದಲ್ಲಿ ಮೊದಲ ಪಂಕ್ತಿ. ಒಂದು ಪಕ್ಕಕ್ಕೆ ಮಾವ, ಇನ್ನೊಂದು ಪಕ್ಕಕ್ಕೆ ಹೊಸ ಮದುಮಗಳು ಮೋನಿಕಾ, ನಡುವೆ ನಾನು. ಮುದ್ದೆ ನುಂಗುವುದನ್ನು ಮದುಮಗಳಿಗೆ ಕಲಿಸುವ ಘನಕಾರ್ಯವನ್ನು ಮಾವನವರು ನನಗೇ ವಹಿಸಿದ್ದರು. ಎದುರಿನ ಸಾಲಿನಲ್ಲಿ ಹುಬ್ಬಳ್ಳಿಯ ಬೀಗರೆಲ್ಲ ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡುತ್ತಾ ನನ್ನ ಉಪದೇಶಕ್ಕೆ ಕಾದಿದ್ದರು. ನಾನು ರಬ್ಬರ್ ಬ್ಯಾಂಡುಗಳನ್ನು ತೆಗೆದು ಜೇಬಿಗೆ ಹಾಕಿಕೊಂಡೆ.

"ನೋಡಮ್ಮಾ, ಚೂರು ಮುರಿ. ಉಂಡೆ ಮಾಡು. ಸಾರಲ್ಲಿ ಅದ್ದು. ನಾಲ್ಗೆ ಮೇಲಿಟ್ಟು ಬುಡು, ಅದೇ ಹೋಯ್ತದೆ. ಹಲ್ಲಿಗೆ ಅಲ್ಲಿ ಕೆಲ್ಸ ಇಲ್ಲ."

ಮೋನಿಕಾ ಮುರಿದಳು, ಅದ್ದಿದಳು, ಇಟ್ಟಳು. ಗುಳುಂ. "ಹಿಂಗೇನ್ರಿ ಅಣ್ಣಾ?" ಎಂದು ನನ್ನ ಮುಖ ನೋಡಿದಳು. ಹೆಂಗಸರ ಸಾಲಿನಿಂದ ಭೇಷ್ ಎಂಬ ದನಿ ಬಂತು. ಶಿಷ್ಯೆ ಹೀಗಿದ್ದರೆ ಗುರು ಹೇಗಿರಬೇಡ ಎಂದು ಮಾವ ಎದೆಯುಬ್ಬಿಸಿದರು.

ಗುರುವಿನ ಸರದಿ ಬಂತು. ಉಂಡೆಯನ್ನು ಮಟನ್ ಸಾರಿನಲ್ಲಿ ಮುಳುಗಿಸಿ ನಾಲಿಗೆಯ ಮೇಲೆ ಇಟ್ಟೆ. ಎಷ್ಟು ದಿನದ ಮೇಲೆ ಮುದ್ದೆಯ ಬಿಸಿ ತಾಗಿತೋ, ಕಣ್ಣು ಮುಚ್ಚಿಹೋಯಿತು. ಆನಂದ ಎಂದರೆ ಇದೇ ಎಂದುಕೊಳ್ಳುವಷ್ಟರಲ್ಲಿ ನನ್ನ ಅಪ್ಪಣೆ ಕೇಳದೆ ನನ್ನದೇ ದವಡೆ ಒಮ್ಮೆ ಮೇಲೆದ್ದು ಕೆಳಗಿಳಿಯಿತು. ಕಟಕ್ ಎಂದಿತು. ನಾನು ಕೂಗಿದ ಕೂಗಿಗೆ ಚಪ್ಪರದಾಚೆ ಕಟ್ಟಿದ್ದ ಎಮ್ಮೆ ಎದ್ದು ನಿಂತಿತು.

"ಮೂಳೆ ಸಿಕ್ಕಂತು, ನೀರ್ ಕೊಡ್ರೋ" ಎಂದು ಮಾವ ಎದ್ದರು.

"ಮೂಳೆ ಎಲ್ಲೈತೆ? ಅವ್ರಿಗೆ ಬರೀ ಸಾರು ಬುಟ್ಟಿದ್ದೀನಿ" ಎಂದ ಬಡಿಸುವವನು.

ಅತ್ತೆ ದೊಡ್ಡಗಂಗಮ್ಮನವರು ಓಡಿಬಂದು ನನ್ನ ಬೆನ್ನು ತಟ್ಟಿದರು. ಬಾಯಲ್ಲಿದ್ದದ್ದು ಎಲೆಯ ಮೇಲೆ ಬಿತ್ತು. ಅವರು ಬಗ್ಗಿ ನೋಡಿದರು. ಸೊಂಟದಿಂದ ಕನ್ನಡಕ ತೆಗೆದು ಹಾಕಿಕೊಂಡು ಮತ್ತೊಮ್ಮೆ ನೋಡಿದರು. ಪಕ್ಕದ ಮನೆಯ ಚಿಕ್ಕಮಾರಮ್ಮನೂ ಬಂದು ಬಗ್ಗಿದರು.

"ಇದೇನ್ ಅಳಿಯಂದ್ರೇ, ಮುದ್ದೆ ಮ್ಯಾಲೆ ಹಲ್ಲಿನ್ ಗುರ್ತು ಐತಲ್ಲ?"

ಚಪ್ಪರದ ಕಣ್ಣೆಲ್ಲ ನನ್ನ ಮೇಲೆ ಬಿತ್ತು. ಕಳ್ಳತನ ಮಾಡಿದ್ದರೂ ನನ್ನನ್ನು ಯಾರೂ ಹಾಗೆ ನೋಡುತ್ತಿರಲಿಲ್ಲ.

"ಅಗೀತೀರಾ?" ಮಾವನ ದನಿ ಕುಸಿದಿತ್ತು. "ಅವತ್ತಿನ್ ನಾಲ್ಕು ಮುದ್ದೇನೂ ಅಗ್ದೇ ತಿಂದ್ರಾ?"

ದೇವರಾಣೆ, ನನಗೇ ಗೊತ್ತಿರಲಿಲ್ಲ. ಇಷ್ಟು ವರ್ಷವೂ ನುಂಗುತ್ತಿದ್ದೇನೆಂದೇ ನಂಬಿದ್ದೆ. ತನ್ನ ಬಾಯಿಯೊಳಗೆ ಏನು ನಡೆಯುತ್ತದೆ ಎಂದು ಯಾವ ಗಂಡಸು ಗಮನಿಸುತ್ತಾನೆ? ದಿಕ್ಕು ತೋಚದೆ ಹೆಂಡತಿಯ ಕಡೆ ತಿರುಗಿದೆ.

"ನಂಗೆ ಅವತ್ತಿಂದಾನೂ ಗೊತ್ತು ಕಣಪ್ಪ" ಎಂದಳು ತನುಶ್ರೀ ತನ್ನ ಅಪ್ಪನಿಗೆ, ಸಾವಧಾನವಾಗಿ. "ನಿನ್ ಅಳಿಯ, ಮರ್ಯಾದೆ ಹೋಯ್ತದೆ ಅಂತ ಬಾಯ್ ಬಿಡ್ಲಿಲ್ಲ."

ಮೋನಿಕಾ ಪಾಪ, ನನ್ನ ಮೇಲೆ ಕನಿಕರ ತೋರಿ ಇನ್ನೊಂದು ತುತ್ತು ಗುಳುಂ ಎನಿಸಿದಳು. ಅದು ಗಾಯಕ್ಕೆ ಉಪ್ಪು ಹಾಕಿದಂತಾಯಿತು. ಕಡಬದ ಪಂಕ್ತಿಯಲ್ಲಿ ನನ್ನ ಜಾಗ ಅವಳಿಗೆ ಹೋಯಿತೆಂದು ಬೇರೆ ಹೇಳಬೇಕಿಲ್ಲ. ಕೆರೆ ಏರಿಯ ಮೇಲೆ ಮಾವ ಈಗ ಸೊಸೆಯ ಸುದ್ದಿ ಹೇಳುತ್ತಿದ್ದಾರಂತೆ.

ಡಾಕ್ಟರಮ್ಮ ಮತ್ತೆ ತಂತಿ ಬಿಗಿದರು. "ನುಂಗೋದಾದ್ರೆ ಅಂತಲ್ವಾ ನಾನ್ ಹೇಳಿದ್ದು" ಎಂದಷ್ಟೇ ಕೇಳಿದರು. ತನುಶ್ರೀ ನನ್ನ ಪರವಾಗಿ ಇಡೀ ಕಥೆಯನ್ನು ಎಮ್ಮೆಯ ಸಮೇತ ಹೇಳಿ ಮುಗಿಸಿದಳು. ನರ್ಸ್ ಬಾಗಿಲಿನ ಹಿಂದೆ ಹೋಗಿ ನಕ್ಕಳು.

ಈಗ ಮತ್ತೆ ಲೋಟ, ಮತ್ತೆ ಸ್ಟ್ರಾ. ಗಾಯ ವಾಸಿಯಾದ ಮೇಲೆ ಕಡಬಕ್ಕೆ ಹೋಗಿ ಮೋನಿಕಾಳ ಹತ್ತಿರ ನುಂಗುವುದನ್ನು ಕಲಿಯಬೇಕೆಂದು ಅತ್ತೆಯ ಆಜ್ಞೆಯಾಗಿದೆ. ಅಭ್ಯಾಸಕ್ಕಿರಲಿ ಎಂದು ತನುಶ್ರೀ ನಿನ್ನೆ ರಾಗಿ ಅಂಬಲಿ ಕಾಸಿ, ಮಜ್ಜಿಗೆ ಬೆರೆಸಿ ತಂದುಕೊಟ್ಟಳು. ಮೊದಲ ಗುಟುಕು ಎಳೆದು, ಬಹಳ ಜಾಗ್ರತೆಯಿಂದ ಒಳಗೆ ಬಿಟ್ಟುಕೊಂಡು, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದೆ.

ಅವಳು ಹತ್ತಿರ ಬಂದು, ಕುಣಿಯುತ್ತಿದ್ದ ನನ್ನ ಕೆನ್ನೆಯ ಮೇಲೆ ಒಂದು ಬೆರಳಿಟ್ಟು ನೋಡಿದಳು.

"ರೀ, ಅಂಬಲೀನೂ ಅಗೀತಿದೀರಲ್ರೀ."