ಹಬ್ಬವಿಲ್ಲದ ದಿನದ ಕೋಳಿ ಸಾರು

ನನ್ನ ವಾರಗಿತ್ತಿಯನ್ನು ಯಾರಾದರೂ ಕೋಳಿ ಸಾರಿಗೆ ಕರೆದರೆ ಅವಳು ಊಟಕ್ಕೆ ಹೋಗುವುದಿಲ್ಲ, ಔಷಧಿಗೆ ಓಡುತ್ತಾಳೆ!

ನಗಬೇಡಿ. ಇದರ ಹಿಂದೆ ಒಂದು ಸೈನ್ಸ್ ಇದೆ. ಅವಳು ನನ್ನ ಗಂಡನ ಅಣ್ಣನ ಹೆಂಡತಿ, ನಾನು ಮದುವೆಯಾಗಿ ಬಂದ ದಿನದಿಂದ ನನಗೆ ‘ಅಕ್ಕ’. ಇರುವುದು ಸಂತೆಬಾಚಹಳ್ಳಿಯಿಂದ ಒಂದಿಷ್ಟು ಒಳಗಿನ ಹಳ್ಳಿಯಲ್ಲಿ, ನಾನು ಶ್ರೀರಂಗಪಟ್ಟಣದಲ್ಲಿ. ನಮ್ಮ ಕಡೆ ನಾಟಿ ಕೋಳಿ ಕೊಯ್ಯಬೇಕಾದರೆ ಕಾರಣ ಬೇಕು: ಹಬ್ಬ, ಹರಕೆ, ಇಲ್ಲವೇ ಅಳಿಯ. ಇದ್ಯಾವುದೂ ಇಲ್ಲದ ಒಂದು ಬುಧವಾರ, ನೆಂಟರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿ “ಬನ್ನಿ, ಕೋಳಿ ಕುಯ್ದಿದೀವಿ” ಅಂತ ಫೋನು ಬಂದರೆ?

“ಅಲ್ಲಿ ಕೋಳಿ ತೂಗ್ತಾವೆ ಕಣಮ್ಮಿ!” ಎನ್ನುತ್ತಾಳೆ ಅಕ್ಕ.

ತೂಗುವುದು ಎಂದರೆ ತೂಕಡಿಸುವುದು. ನಿನ್ನೆ ತಿಪ್ಪೆ ಕೆದರುತ್ತಿದ್ದ ಕೋಳಿ ಇವತ್ತು ರೆಕ್ಕೆ ಇಳಿಬಿಟ್ಟು, ಪಾರ್ಲಿಮೆಂಟ್ ಮೆಂಬರ್ ಥರ ಕೂತಲ್ಲೇ ಕಣ್ಣು ಮುಚ್ಚುತ್ತದೆ. ಆಮೇಲೆ ಕತ್ತು ತಿರುಚಿಕೊಳ್ಳುತ್ತದೆ, ಆಮೇಲೆ ಅಂಗಳವೇ ಖಾಲಿ. ಪುಸ್ತಕದಲ್ಲಿ ರಾಣಿಖೇತ್, ನಮ್ಮವರ ಬಾಯಲ್ಲಿ ಕೊಕ್ಕರೆ ರೋಗ. ಅಕ್ಕ ಗಂಡನ ಹೆಸರು ಹೇಳದ ಕಾಲದವಳು, ಈ ರೋಗದ ಹೆಸರನ್ನೂ ಹೇಳುವುದಿಲ್ಲ. ಎರಡಕ್ಕೂ ‘ಅದು’ ಎನ್ನುತ್ತಾಳೆ. “ಅದು ಬಂತು” ಅಂದಾಗ ಕಾಫಿ ಇಡಬೇಕೋ ಕೋಳಿ ಮುಚ್ಚಬೇಕೋ ತಿಳಿಯದೆ ನಾನು ಹೊಸದರಲ್ಲಿ ಪರದಾಡಿದ್ದುಂಟು!

ಇನ್ನು ನಮ್ಮ ಜನ ನೋಡಿ. ಕೋಳಿ ತೂಗತೊಡಗಿದ ಕೂಡಲೇ ಅರ್ಧ ಕೊಯ್ದು ನೆಂಟರನ್ನು ಕರೆಯುತ್ತಾರೆ. ಉಳಿದರ್ಧ ಬುಟ್ಟಿಗೆ ಹಾಕಿ ಮಗಳ ಊರಿಗೆ ಸಾಗಿಸುತ್ತಾರೆ. ರೋಗವೂ ಟಿಕೆಟ್ ಇಲ್ಲದೆ ಅದೇ ಬಸ್ಸಿನಲ್ಲಿ ಹೋಗುತ್ತದೆ. ಹಾಗಾಗಿ ಅಕ್ಕನಿಗೆ ಊಟದ ಕರೆಯೇ ಅಲಾರ್ಮ್ ಬೆಲ್. ಪಾಂಡವಪುರದ ಕಡೆಯಿಂದ ಒಂದು ಕರೆ, ನಾಗಮಂಗಲದ ಕಡೆಯಿಂದ ಇನ್ನೊಂದು ಬಂದರೆ ಮುಗಿಯಿತು: “ನಮ್ಮೂರ್‌ಗೂ ಬತ್ತದೆ, ಐಸ್ ರೆಡಿ ಮಾಡಮ್ಮಿ!”

ಐಸ್ ನನ್ನ ಡಿಪಾರ್ಟ್‌ಮೆಂಟ್. ಅವಳ ಊರಿನ ಕರೆಂಟನ್ನು ಅವಳು ನಂಬುವುದಿಲ್ಲ, ಆದ್ದರಿಂದ ಕೋಳಿ ಲಸಿಕೆ ಇರುವುದು ನನ್ನ ಫ್ರಿಜ್ಜಿನ ಬಾಗಿಲಲ್ಲಿ, ಹಿಂದೆ ನನ್ನವರ ಇನ್ಸುಲಿನ್ ಇಡುತ್ತಿದ್ದ ಗೂಡಿನಲ್ಲಿ. ಅಲ್ಲಿಂದ ಅದು ಗುಲಾಬಿ ಹೂವಿನ ಥರ್ಮಾಸ್ ಫ್ಲಾಸ್ಕಿಗೆ ಇಳಿದು ನನ್ನ ಮಡಿಲಲ್ಲಿ ಕೂತು ಬಸ್ಸಿನಲ್ಲಿ ಹೋಗುತ್ತದೆ. ಒಂದು ಸಲ ಪಕ್ಕದ ಯಜಮಾನರು, “ಕಾಫಿನೇನವ್ವಾ? ಒಂದ್ ಗುಟುಕು ಕೊಡು” ಎಂದರು. “ಸಾರಿ, ಇದು ಕೋಳಿಗೆ” ಎಂದೆ. ಅವರು ಎದ್ದು ಡ್ರೈವರ್ ಪಕ್ಕ ಹೋಗಿ ನಿಂತರು!

ಇಷ್ಟೆಲ್ಲ ಯಾಕೆ? ಅಕ್ಕನ ಅವ್ವ ಮದುವೆಯಲ್ಲಿ ಮಡಿಲಕ್ಕಿಯ ಜೊತೆಗೆ ಒಂದು ಬೋಳುಕತ್ತಿನ ಹೇಂಟೆ ಕೊಟ್ಟಿದ್ದಳು. ಕತ್ತಿಗೆ ಒಂದು ಗರಿ ಇಲ್ಲ. ಯಾರೋ ಸಾರಿಗೆಂದು ಪುಕ್ಕ ತರಿಯಲು ಶುರು ಮಾಡಿ ಮನಸ್ಸು ಬದಲಾಯಿಸಿದಂತಿರುತ್ತದೆ. ಆ ಸಂತಾನ ಅಂಗಳ ತುಂಬಿದ್ದಾಗ ಒಂದು ವರ್ಷ ‘ಅದು’ ಬಂತು. ಅಟ್ಟದ ಮೇಲೆ ಮೊಟ್ಟೆಗೆ ಕೂತಿದ್ದ ಒಂದೇ ಒಂದು ಹೇಂಟೆ ಉಳಿಯಿತು. ಅಷ್ಟರಲ್ಲಿ ಅವ್ವ ಹೋಗಿದ್ದಳು, ತವರಿನ ಬಾಗಿಲೂ ಮುಚ್ಚಿತ್ತು. ತವರು ಅಂತ ಉಳಿದದ್ದು ಈ ಬೋಳುಕತ್ತು ಮಾತ್ರ. ಅಂದಿನಿಂದ ಆ ವಂಶದ ಒಂದು ಕೋಳಿಗೂ ಅವಳು ಕತ್ತಿ ಮುಟ್ಟಿಸಿರಲಿಲ್ಲ. ಸುತ್ತ ನಾಟಿ ಕೋಳಿ ಓಡಾಡುವಾಗ ನಡುವೆ ಕೂತು ಅಂಗಡಿಯ ಬ್ರಾಯ್ಲರ್ ತಿನ್ನುವ ಭಾಗ್ಯ ಯಾರಿಗುಂಟು? ಅವಳ ಮನೆಗೆ ಹೋದವರಿಗೆಲ್ಲ ಉಂಟು!

ಗೇಟಿನಲ್ಲಿ ಸುಣ್ಣದ ನೀರಿನ ಬಾಂಡ್ಲಿ. ಕಾಲು ಅದ್ದದೆ ಯಾರಿಗೂ ಎಂಟ್ರಿ ಇಲ್ಲ. ಎಲೆಕ್ಷನ್ನಿಗೆ ಕೈಮುಗಿದು ಬಂದ ಬಿಳಿ ಪಂಚೆಯ ಅಭ್ಯರ್ಥಿಯನ್ನೂ ನಿಲ್ಲಿಸಿದಳು. “ವೋಟು ಆಮ್ಯಾಕೆ, ಕಾಲು ಮೊದ್ಲು. ಎಲ್ಲೆಲ್ಲಿ ತುಳ್ಕಂಡ್ ಬಂದಿದ್ಯೋ!” ಅವನು ಪಂಚೆ ಎತ್ತಿ ಅದ್ದಿದ. ಹಿಂಬಾಲಕರೂ ಸಾಲಾಗಿ ಅದ್ದಿದರು. ಆ ಪಕ್ಷ ಅಷ್ಟು ಶುದ್ಧವಾಗಿದ್ದು ಅದೇ ಮೊದಲು, ಅದೇ ಕೊನೆ.

ಲಸಿಕೆಯ ಬಾಟಲಿ ಒಂದು ಸಲ ಕಲೆಸಿದರೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಇರುವುದೋ ಇಡೀ ಊರಿಗಾಗುವಷ್ಟು. ಹಾಗಾಗಿ ಊರಿನ ಕೋಳಿಗಳೆಲ್ಲ ಅವಳ ಜಗಲಿಗೆ ಬರಲೇಬೇಕು. “ಪಕ್ಕದ್ಮನೆ ಕೋಳಿ ಬದುಕುದ್ರೇನೆ ನನ್ ಕೋಳಿ ಬದುಕೋದು” ಎನ್ನುವುದು ಅವಳ ವಾದ. ಪಕ್ಕದ ಮನೆಯವನು ಮಾತ್ರ ಮೀಸೆ ತಿರುವುತ್ತಾ ತಗಾದೆ ತೆಗೆಯುತ್ತಾನೆ: “ಓದ್ಸಲ ಔಸ್ತಿ ಆಕುಸ್ದ ನನ್ ಹುಂಜಾನೂ ಸತ್ತೋಯ್ತಲ್ಲ ದೊಡ್ಡವ್ವ?”

“ಛತ್ರಿ ಹಿಡ್ದ್ರೂ ಕಾಲು ನೆನೀತದೆ. ಅಂತ ಛತ್ರಿ ಬಿಸಾಕ್ತೀಯೇನ್ಲಾ? ಮಿಕ್ಕವೆಲ್ಲ ಬದುಕಿದ್ವಲ್ಲ, ಅವುನ್ನ ಯೋಳು! ಅದೂ ಅಲ್ದೆ ನಿನ್ ಹುಂಜ ಆಗ್ಲೇ ತೂಗ್ತಿತ್ತು. ಬಂದ್ಮೇಲೆ ಆಕುದ್ರೆ ಏನ್ ಬಂತು ಪ್ರಯೋಜ್ನ?”

ಅವಳು ಕೋಳಿ ಹಿಡಿದು ಕಣ್ಣಿಗೆ ಲಸಿಕೆಯ ಹನಿ ಬಿಡುವಾಗ ನಾನು ದೂರ ಕುರ್ಚಿಯಲ್ಲಿ, ಫ್ಲಾಸ್ಕಿನ ಕಾವಲಿಗೆ. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಎಂಬ್ರಾಯ್ಡರಿ ಕಲಿಸಿದರು, ಟೀ ಕಪ್ ಹಿಡಿಯುವುದು ಕಲಿಸಿದರು, ಕೋಳಿ ಹಿಡಿಯುವುದು ಸಿಲಬಸ್ಸಿನಲ್ಲಿರಲಿಲ್ಲ. “ಮಾರಾಣಿ ಕುಂತವ್ಳೆ ನೋಡು” ಎಂದು ಅಕ್ಕ ಛೇಡಿಸುತ್ತಿದ್ದಳು. ನಾನು ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ.

ಹೀಗಿರುವಾಗ ಮೊನ್ನೆ ಒಂದು ಬುಧವಾರ ಅಕ್ಕನ ಫೋನು. “ನಾಳೆ ಬಾರಮ್ಮಿ. ಕೋಳಿ ಸಾರ್ ಮಾಡ್ತೀನಿ.”

“ಬ್ರಾಯ್ಲರಾ?” ಎಂದೆ.

“ನಂದೇ.”

ಹಬ್ಬವಿಲ್ಲ, ಹರಕೆಯಿಲ್ಲ, ಅಳಿಯನಿಲ್ಲ! “ಅಕ್ಕ, ತೂಗ್ತಾವಾ?”

“ಬಾ ಸುಮ್ಕೆ” ಎಂದು ಇಟ್ಟುಬಿಟ್ಟಳು.

ಬಂದ ಮೇಲೆ ಹಾಕಿದರೆ ಪ್ರಯೋಜನವಿಲ್ಲ ಅಂತ ಗೊತ್ತಿದ್ದರೂ ಫ್ಲಾಸ್ಕಿಗೆ ಐಸ್ ತುಂಬಿ ಲಸಿಕೆ ಇಟ್ಟುಕೊಂಡು ಹೊರಟೆ. ಕೆ.ಆರ್.ಪೇಟೆಯವರೆಗೂ ಮನಸ್ಸಿನಲ್ಲಿ ಬೋಳುಕತ್ತುಗಳ ಸಾಲು ಸಾಲು ಶವಯಾತ್ರೆ.

ಗೇಟಿನ ಬಾಂಡ್ಲಿ ಒಣಗಿತ್ತು. ಕಾಲು ಎಲ್ಲಿ ಅದ್ದಲಿ ಅಂತ ನಿಂತರೆ ಅಕ್ಕ ಕೈಹಿಡಿದು ಒಳಗೆ ಎಳೆದುಕೊಂಡಳು. ಅಂಗಳದಲ್ಲಿ ಕೋಳಿಗಳೋ, ಒಂದಕ್ಕೂ ತೂಕಡಿಕೆಯ ಲಕ್ಷಣವಿಲ್ಲ! ಒಂದು ನನ್ನ ಚಪ್ಪಲಿಯನ್ನೇ ಕುಕ್ಕಿತು. ಒಳಗೆ ನಾಟಿ ಸಾರಿನ ಘಮ. ಮುದ್ದೆಯ ಪಕ್ಕಕ್ಕೆ ದೊಡ್ಡ ಕಾಲಿನ ತುಂಡು ಬಿತ್ತು.

“ಕೋಳಿಗಳೆಲ್ಲ ಚೆನ್ನಾಗೇ ಇವೆಯಲ್ಲ ಅಕ್ಕ?”

“ಊಂ. ಕೋಳಿಗಳು ಚೆನ್ನಾಗವೆ.”

ಆಗ ಅವಳ ಮುಖ ನೋಡಿದೆ. ಕಣ್ಣ ಕೆಳಗೆ ಕಪ್ಪು, ರವಿಕೆ ಸಡಿಲ, ಗೋಡೆಗೆ ಒರಗಿಕೊಂಡೇ ಬಡಿಸುತ್ತಿದ್ದಾಳೆ.

“ಒಟ್ಟೇಲಿ ಗೆಡ್ಡೆ ಅದಂತೆ. ಸೋಮ್ವಾರ ಮೈಸೂರ್ನಾಗೆ ಕುಯ್ತಾರೆ” ಎಂದಳು. ಆಮೇಲೆ ನಕ್ಕಳು. “ಇದುಕ್ಕೆ ಡ್ರಾಪ್ಸ್ ಇಲ್ವಂತೆ ಕಣಮ್ಮಿ. ಇದ್ದಿದ್ರೂ ಬಂದ್ಮೇಲೆ ಆಕುದ್ರೆ ಏನ್ ಬಂತು? ಉಣ್ಣು, ಆರೋಯ್ತದೆ.”

ಉಂಡೆ. ಜೀವಮಾನದಲ್ಲಿ ಅಂಥ ರುಚಿಯ ಸಾರು ತಿಂದಿಲ್ಲ, ಅಷ್ಟು ಕಷ್ಟಪಟ್ಟೂ ತಿಂದಿಲ್ಲ.

ಕೈ ತೊಳೆದ ಮೇಲೆ ಅವಳ ಕಣ್ಣು ಫ್ಲಾಸ್ಕಿನ ಮೇಲೆ ಬಿತ್ತು. “ತಂದಿದ್ಯಲ್ಲ, ಆಕ್ಬುಡು. ಸೊಸೆ ಕಾಳು ಆಕ್ತಾಳೆ, ನೀರ್ ಮಡುಗ್ತಾಳೆ. ಔಸ್ತಿ ಮಾತ್ರ ನಿಂದು.”

ಅಕ್ಕ ಕುರ್ಚಿಯಲ್ಲಿ ಕೂತಳು, ಮಡಿಲಲ್ಲಿ ನನ್ನ ಗುಲಾಬಿ ಫ್ಲಾಸ್ಕು. ಸೊಸೆ ಊರಿಗೆಲ್ಲ ಸುದ್ದಿ ಮುಟ್ಟಿಸಿದಳು. ನಾನು ಸೆರಗು ಸಿಕ್ಕಿಸಿ ನೆಲಕ್ಕೆ ಕೂತೆ. ಮೊದಲ ಬೋಳುಕತ್ತು ನನ್ನ ಕೈ ಪರಚಿ, ಕನ್ನಡಕ ಬೀಳಿಸಿ, ಸೀರೆ ಕೆಡಿಸಿತು.

“ರೆಕ್ಕೆ ಎರಡೂ ಸೇರ್ಸಿ ಹಿಡಿ. ಎದ್ರುಬ್ಯಾಡ, ಅದೂ ಎದ್ರುಕೊಂಡದೆ. ಊಂ, ಈಗ ಬುಡು ಹನಿ.”

ಬಿಟ್ಟೆ. ಕೋಳಿ ಒಂದು ಸಲ ಕಣ್ಣು ಮಿಟುಕಿಸಿತು. “ಅಷ್ಟೆಯಾ. ಆಯ್ತಲ್ಲ ಮಾರಾಣಿ!”

ಪಕ್ಕದ ಮನೆಯ ಮೀಸೆಯವನೂ ಅವತ್ತು ತಗಾದೆ ಬಿಟ್ಟು ತನ್ನ ಕೋಳಿಗಳನ್ನು ತಂದು ಕೊಟ್ಟ. ಸಂಜೆ ಹೊರಟಾಗ ಅಕ್ಕ ಗೇಟಿನ ತನಕ ಬಂದಳು, ಬೇಡವೆಂದರೂ. ಒಣಗಿದ ಬಾಂಡ್ಲಿಯನ್ನು ಕಾಲಲ್ಲಿ ತಳ್ಳಿ, ನನ್ನನ್ನೇ ಗದರಿದಳು:

“ಇವತ್ತೇನೋ ಬುಟ್ಟಿವ್ನಿ. ಮುಂದುನ್ ಸಲ ಬರೋವಾಗ ಕಾಲ್ ಅದ್ಕಂಡೇ ಒಳೀಕ್ ಬರ್ಬೇಕು, ಗೊತ್ತಾಯ್ತಾ?”

ಮುಂದಿನ ಸಲ ಎಂದಳು. ನಾನು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿದೆ.