ಸರ್ವರ್ ರೂಮಿನ ಏಸಿ

ಈ ರಂಪಕ್ಕೆಲ್ಲ ಕಾರಣ ಒಂದು ಏಸಿ. ವಿಜಯವಾಡದ ಮೇ ತಿಂಗಳ ಧಗೆಯಲ್ಲಿ, ವಿಶ್ವವಿದ್ಯಾಲಯದ ಹೊಸ ಕಟ್ಟಡದ ನಕ್ಷೆಯಲ್ಲಿ ಕಂಪ್ಯೂಟರ್ ಜಾಲ ಹಾಕಲು ಬಂದ ಕಂಪನಿಯ ಎಂಜಿನಿಯರ್ ಅನಿರುದ್ಧ್ ಒಂದೇ ಒಂದು ಕೋಣೆಗೆ ಏಸಿ ತೋರಿಸಿದ್ದ. ಅದು ಜಾಲದ ಯಂತ್ರಗಳೆಲ್ಲ ಕೂರುವ ಸರ್ವರ್ ರೂಮು. ಪ್ರೊಫೆಸರುಗಳಿಗೆ ಬರೀ ಫ್ಯಾನು. ಪಾಪ, ಹುಡುಗನಿಗೆ ಲೋಕಜ್ಞಾನ ಕಡಿಮೆ.

ಅವನ ಚಿಂತೆಯೇ ಬೇರೆ. ಹೊಸದಾಗಿ ಮದುವೆಯಾದ ಹೆಂಡತಿ ತನುಶ್ರೀ ವಿಶಾಖಪಟ್ಟಣದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಇವನು ವಿಜಯವಾಡದ ಪಟಮಟ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಬೇಯುತ್ತಿದ್ದ. "ಸಂಜೆಯೊಳಗೆ ಪ್ಲಾನಿಗೆ ಎಲ್ಲರ ಸಹಿ ಹಾಕಿಸು, ನಿನ್ನ ಹೆಂಡತಿ ಇರೋ ವೈಜಾಗಿಗೆ ಟ್ರಾನ್ಸ್‌ಫರ್ ಕೊಡ್ತೀನಿ. ಇಲ್ಲಾಂದ್ರೆ ಆ ಜಾಗ ಇನ್ನೊಬ್ಬರಿಗೆ" ಎಂದಿದ್ದ ಕಂಪನಿಯ ಮ್ಯಾನೇಜರ್.

ಗಣಿತ ವಿಭಾಗದ ಮುಖ್ಯಸ್ಥ ದುರ್ಗಾಪ್ರಸಾದ್ ಬೆಳಿಗ್ಗೆಯೇ ನಕ್ಷೆ ಕಸಿದುಕೊಂಡರು.

"ಬಾಬೂ, ಸರ್ವರ್ ನನ್ನ ರೂಮಲ್ಲೇ ಇಡು. ಮೂಲೇಲಿ ನಾನೂ ಕೂತಿರ್ತೀನಿ."

"ಸಾರ್, ಅದು ನೆಲಮಹಡೀಲೇ ಇರಬೇಕು..."

"ಹಾಗಾದ್ರೆ ಸಹಿ ಇಲ್ಲ."

ಅನಿರುದ್ಧ್ ಅಳಿಸಿ ಬರೆದ. ಅಷ್ಟರಲ್ಲಿ ರಸಾಯನಶಾಸ್ತ್ರದ ಮುಖ್ಯಸ್ಥೆ ಭ್ರಮರಾಂಬ ಮೇಡಂ ಬಂದರು. ತವರು ಬಳ್ಳಾರಿಯಾದ್ದರಿಂದ ಇವನ ಜೊತೆ ಅವರಿಗೆ ವಿಶೇಷ ಸಲಿಗೆ.

"ಏನಪ್ಪಾ, ನಮ್ಮ ಕನ್ನಡದ ಹುಡುಗ ಅಂತ ನಿನಗ ಗೋಂಗೂರ ಪಚ್ಚಡಿ ಕೊಟ್ಟೀನಿ, ಏಸಿ ಮಾತ್ರ ಅವರಿಗೇನು? ನಮ್ಮ ಲ್ಯಾಬಿನ ಬಾಜೂಕ ತಗೊಂಡು ಬಾ. ಇಲ್ಲಾಂದ್ರ ನನ್ನ ಸಹಿ ಮರ್ತುಬಿಡು."

ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಕೈಕೈ ಮಿಲಾಯಿಸುವುದೊಂದು ಬಾಕಿ. ನಕ್ಷೆ ಅಳಿಸಿ ಅಳಿಸಿ ದೋಸೆ ಕಾವಲಿಯಂತೆ ಕಪ್ಪಾಗಿತ್ತು. ಗಂಟೆ ನಾಲ್ಕಾಯಿತು. "ಆಯ್ತೇನಯ್ಯಾ?" ಎಂದು ಮ್ಯಾನೇಜರನ ಫೋನು ಬೇರೆ. ಅನಿರುದ್ಧ್ ದಿಕ್ಕು ತೋಚದೆ ಒಂದು ಸುಳ್ಳು ಬಿಟ್ಟ.

"ಸಾರ್, ಮೇಡಂ, ಆ ಯಂತ್ರಗಳ ಹತ್ರ ದಿನಾ ಕೂತ್ರೆ ತಲೆಕೂದಲು ಉದುರುತ್ತೆ. ಅದಕ್ಕೇ ಅಲ್ಲಿ ಟ್ರೈನಿಂಗ್ ಆಗಿರೋ ಎಂಜಿನಿಯರ್ ಒಬ್ರೇ ಇರಬೇಕು. ಬೆಳಿಗ್ಗೆಯಿಂದ ಸಂಜೆ ತನಕ ಬಿಡದೆ ಕಾಯ್ಬೇಕು!"

ದುರ್ಗಾಪ್ರಸಾದರ ಕೈ ನೆತ್ತಿಯ ಮೇಲೆ ಉಳಿದಿದ್ದ ನಾಲ್ಕು ಕೂದಲನ್ನು ತಡಕಿತು. ಮೇಡಂ ಜಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಅಯ್ಯೋ ಶಿವನೇ, ನೆಲಮಹಡಿಯಾಗೇ ಇರ್ಲಿ ಬಿಡಪ್ಪ!"

ಇಬ್ಬರೂ ಸರಸರ ಸಹಿ ಗೀಚಿದರು. ರಿಜಿಸ್ಟ್ರಾರ್ ನರಸಿಂಹಮೂರ್ತಿಗಳೂ ತಕರಾರಿಲ್ಲದೆ ಮೊಹರು ಒತ್ತಿದರು. ಅನಿರುದ್ಧ್ ಮ್ಯಾನೇಜರನಿಗೆ ಸುದ್ದಿ ಮುಟ್ಟಿಸಿ, ಮೆಟ್ಟಿಲ ಮೇಲೆ ನಿಂತೇ ಹೆಂಡತಿಗೆ ಫೋನ್ ಹಚ್ಚಿದ.

"ತನೂ, ಬಂದೇಬಿಟ್ಟೆ ಕಣೇ!"

ಅವಳು ಸಂತೋಷ ತಡೆಯಲಾರದೆ ಅತ್ತೇಬಿಟ್ಟಳು. ಇವನ ಕಣ್ಣೂ ತುಂಬಿತು.

"ನಿಲ್ಲು ಬಾಬೂ!" ರಿಜಿಸ್ಟ್ರಾರ್ ಏದುಸಿರು ಬಿಡುತ್ತ ಬಂದರು. "ದುರ್ಗಾಪ್ರಸಾದ್ ಈಗ ಹೇಳಿದ್ರು. ಸರ್ವರ್ ಹತ್ರ ಎಂಜಿನಿಯರ್ ಒಬ್ಬ ಬಿಡದೆ ಇರಬೇಕಂತಲ್ಲ? ಒಳ್ಳೆ ಕೆಲಸ ಆಯ್ತು, ನಿಮ್ಮ ಮ್ಯಾನೇಜರಿಗೆ ಫೋನ್ ಮಾಡಿ ನಿನ್ನನ್ನೇ ಇಲ್ಲಿಗೆ ಕೊಡಿ ಅಂದೆ. ಮೂರು ವರ್ಷಕ್ಕೆ ಒಪ್ಪಿಬಿಟ್ರು!"

"ಸಾರ್... ಅದು... ಅಷ್ಟೆಲ್ಲ ಏನೂ ಬೇಕಾಗಲ್ಲ..."

"ಕೂದಲಿಗೆ ಹೆದರ್ತೀಯಾ? ಚೆನ್ನಾಗಿ ಎಣ್ಣೆ ಹಚ್ಕೊಳಯ್ಯಾ!" ಎಂದು ಅವರು ಬೆನ್ನು ತಟ್ಟಿ ಹೋದರು.

ಕೈಯಲ್ಲಿದ್ದ ಫೋನಿನೊಳಗಿಂದ ತನುಶ್ರೀ ಕೂಗುತ್ತಿದ್ದಳು.

"ರೀ, ಸರಿಯಾಗಿ ಕೇಳಿಸ್ತಿಲ್ಲ. ಯಾವ ಟ್ರೈನಿಗೆ ಬರ್ತೀರಾ? ನಾನು ಸ್ಟೇಷನ್ನಿಗೆ ಬರ್ತೀನಿ."