ಅತ್ತೆಯ ಡಬ್ಬಿ ಮತ್ತು ನನ್ನ ಚಿನ್ನದ ಕಾರ್ಡು

ಅಂಗಡಿಯಲ್ಲಿ ಎರಡು ಬಗೆಯ ಸೋಪು ಕಂಡರೆ ಸ್ನಾನವನ್ನೇ ನಾಳೆಗೆ ಮುಂದೂಡುವವರ ಪೈಕಿ ನಾನು. ಹೋಟೆಲಿನಲ್ಲಿ ಮಾಣಿ ದೋಸೆಯ ಪಟ್ಟಿ ಒಪ್ಪಿಸತೊಡಗಿದರೆ ನನಗೆ ಬೆವರು ಕಿತ್ತುಬರುತ್ತದೆ. ಜೀವನದಲ್ಲಿ ಒಂದೇ ಒಂದು ಸಲ ತಟ್ಟನೆ ನಿರ್ಧಾರ ತೆಗೆದುಕೊಂಡೆ, ಅದು ಮದುವೆಯ ವಿಚಾರದಲ್ಲಿ. ಅದಕ್ಕೂ ಕಾರಣ ಹೆಣ್ಣು ನೋಡಲು ಹೋದ ದಿನ ತಿಪಟೂರಿನಲ್ಲಿ ಭಾವೀ ಅತ್ತೆ ತಂದಿಟ್ಟ ಕೋಡುಬಳೆಯೇ ಹೊರತು ತಾನಲ್ಲ ಎಂದು ನನ್ನ ಹೆಂಡತಿ ವಸುಧಾ ಇಂದಿಗೂ ಹೇಳುತ್ತಾಳೆ. ನಾನೂ ವಾದಿಸಲು ಹೋಗಿಲ್ಲ. ಕೋಡುಬಳೆ ನಿಜಕ್ಕೂ ಚೆನ್ನಾಗಿತ್ತು.

ಇಂಥವನಿಗೆ ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿ ಕೆಲಸ ಸಿಕ್ಕಿತು. ಆ ಕಂಪನಿಗೆ ಬೆಂಗಳೂರಿನಲ್ಲೂ ಒಂದು ಕಚೇರಿ. ಎರಡರ ನಡುವೆ ಆಗಾಗ ಓಡಾಡುವ ಹೊಣೆ ನನ್ನ ತಲೆಗೆ ಬಂತು. "ಹೇಗೂ ಹಾರ್ತಾ ಇರ್ತೀಯ, ಯಾವುದಾದರೂ ಒಂದು ವಿಮಾನ ಕಂಪನಿಯ ಸದಸ್ಯನಾಗು. ಹಾರಿದಷ್ಟೂ ಪಾಯಿಂಟ್ ಬರುತ್ತೆ, ಕೂಡಿಟ್ಟರೆ ಪುಕ್ಕಟೆ ಟಿಕೆಟ್" ಎಂದರು ನಮ್ಮ ಮ್ಯಾನೇಜರ್. ಅವರು ಸಹಜವಾಗಿ ಹೇಳಿ ಹೋದರು. ನನ್ನ ನೆಮ್ಮದಿ ಅಂದೇ ಹೋಯಿತು.

ನನ್ನ ಮುಂದೆ ಇದ್ದದ್ದು ಎರಡು ಕಂಪನಿ. ಮೊದಲನೆಯದರ ದಾರಿ ಹತ್ತಿರ. ಸೈಕಲ್ ತುಳಿದು ತಲುಪಬಹುದಾದ ಲಿಂಕೋಪಿಂಗ್‌ನ ಪುಟ್ಟ ನಿಲ್ದಾಣದಲ್ಲೇ ಹತ್ತಬಹುದು, ಬೇಗ ಬೆಂಗಳೂರು ಸೇರಬಹುದು. ಆದರೆ ಪಾಯಿಂಟ್ ಕೊಡುವುದರಲ್ಲಿ ಕೈ ಬಿಗಿ. ಎರಡನೆಯದು ಸ್ಟಾಕ್‌ಹೋಮ್‌ವರೆಗೆ ರೈಲಿನಲ್ಲಿ ಬಾ ಎನ್ನುತ್ತದೆ, ಝೂರಿಕ್ ತೋರಿಸುತ್ತದೆ, ಮುಂಬಯಿ ಸುತ್ತಿಸುತ್ತದೆ. ಆದರೆ ಪಾಯಿಂಟನ್ನು ಮೊಗೆಮೊಗೆದು ಕೊಡುತ್ತದೆ, ಬೇಗನೆ ಚಿನ್ನದ ಬಣ್ಣದ ಕಾರ್ಡನ್ನೂ ಕೈಗಿಡುತ್ತದೆ. ನಾನು ಕಂಪ್ಯೂಟರಿನಲ್ಲಿ ದೊಡ್ಡ ಕೋಷ್ಟಕ ಹಾಕಿದೆ. ಲುಂಡ್‌ನಲ್ಲಿ ಸಂಶೋಧನೆ ಮಾಡುವ ಗೆಳೆಯನಿಗೆ ಫೋನ್ ಮಾಡಿ ತಲೆ ತಿಂದೆ. ನಮ್ಮ ಆಫೀಸಿನಲ್ಲಿ ಫಿಕಾ ಎಂದರೆ ಎಲ್ಲರೂ ಕೆಲಸ ಬಿಟ್ಟು ಕಾಫಿಗೆ ಕೂರುವ ಹೊತ್ತು. ಅಲ್ಲಿಯೂ ಇದೇ ಪುರಾಣ ತೆಗೆಯುತ್ತಿದ್ದೆ. ನನ್ನ ಪಕ್ಕದ ಮೇಜಿನ ಯೋರಾನ್, ಮಾತೆಂದರೆ ಬಹಳ ಲೆಕ್ಕಾಚಾರದ ಮನುಷ್ಯ, ವಾರಗಟ್ಟಲೆ ಸುಮ್ಮನೆ ಕೇಳಿಸಿಕೊಂಡು ಒಂದು ದಿನ ದಾಲ್ಚಿನ್ನಿ ಬನ್ನು ಮುರಿಯುತ್ತ ಕೇಳಿದ: "ಯಾವುದು ನಿನ್ನನ್ನ ಬೇಗ ಮನೆಗೆ ತಲುಪಿಸುತ್ತೆ?" ಪಾಪ, ಇವನಿಗೆ ವಿಷಯವೇ ಅರ್ಥವಾಗಿಲ್ಲ ಎಂದುಕೊಂಡೆ.

ನನ್ನ ತಲೆಬಿಸಿಗೆ ನಿಜವಾದ ಕಾರಣ ಬೇರೆ ಇತ್ತು. ವಸುಧಾ ಬಸುರಿ. ಮೊದಲ ಹೆರಿಗೆ, ಪರದೇಶ, ಸುತ್ತ ಹಿಮ. "ನನಗೆ ಇನ್ನೇನೂ ಬೇಡ, ಆ ಹೊತ್ತಿಗೆ ಅಮ್ಮ ಪಕ್ಕದಲ್ಲಿರಬೇಕು" ಎಂದಿದ್ದಳು. ಅತ್ತೆಗೆ ವಿಮಾನ ಹೊಸದು, ಕನ್ನಡ ಬಿಟ್ಟರೆ ಬೇರೆ ಮಾತು ಬಾರದು. "ಅಳಿಯಂದ್ರು ಜೊತೆಗಿದ್ರೆ ಬರ್ತೀನಿ, ಒಬ್ಬಳೇ ಅಂದ್ರೆ ನನ್ ಕೈಲಾಗಲ್ಲಪ್ಪ" ಎಂದುಬಿಟ್ಟಿದ್ದರು. ಪಾಯಿಂಟಿನಲ್ಲೇ ಅತ್ತೆಯ ಟಿಕೆಟ್ ತೆಗೆದು, ಪಕ್ಕದಲ್ಲಿ ಕೂರಿಸಿಕೊಂಡು, ಚಿನ್ನದ ಕಾರ್ಡು ತೋರಿಸಿ ರಾಣಿಯ ಹಾಗೆ ಕರೆತರುವುದು ನನ್ನ ಯೋಜನೆ. ಹೀಗಾಗಿ ಗೆದ್ದದ್ದು ಎರಡನೆಯ ಕಂಪನಿ. ನಾಲ್ಕಾರು ಓಡಾಟದಲ್ಲೇ ಪಾಯಿಂಟೂ ಕೂಡಿತು, ಕಾರ್ಡೂ ಕೈಗೆ ಬಂತು. ಕಂಪನಿ ಖರ್ಚಿನಲ್ಲಿ ಗಳಿಸಿದ ಪಾಯಿಂಟನ್ನು ಮನೆಯವರಿಗೆ ಬಳಸಿದರೆ ತೆರಿಗೆಯವರಿಗೆ ತಿಳಿಸಬೇಕೆಂಬ ನಿಯಮ ಇಲ್ಲಿದೆ, ಅದನ್ನೂ ಪಾಲಿಸಿದೆ. ಅತ್ತೆಯನ್ನು ಆದಾಯವೆಂದು ತೋರಿಸಿದ ಅಳಿಯ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

ಡಾಕ್ಟರು ಹೇಳಿದ್ದ ದಿನಕ್ಕೆ ಇನ್ನೂ ಎರಡು ವಾರವಿರುವಾಗ ನಾನೂ ಅತ್ತೆಯೂ ಬೆಂಗಳೂರಿನಿಂದ ಹೊರಟೆವು. ಅವರ ಕೈಚೀಲದಲ್ಲಿ ಬಾಣಂತಿಗೆಂದು ಕಟ್ಟಿದ ಅಂಟಿನುಂಡೆಯ ದೊಡ್ಡ ಸ್ಟೀಲ್ ಡಬ್ಬಿ. ಅದನ್ನು ಮುಂಬಯಿಯಲ್ಲಿಯೂ ಕೆಳಗಿಡಲಿಲ್ಲ, ಆಕಾಶದಲ್ಲಿಯೂ ಕೆಳಗಿಡಲಿಲ್ಲ. ಝೂರಿಕ್‌ನಲ್ಲಿ ಇಳಿದರೆ ಹೊರಗೆ ಏನೂ ಕಾಣದಷ್ಟು ಮಂಜು. ವಿಮಾನಗಳೆಲ್ಲ ನಿಂತಿದ್ದವು. ಪರವಾಗಿಲ್ಲ, ಕಾರ್ಡಿದೆಯಲ್ಲ! ಅತ್ತೆಯನ್ನು ಗತ್ತಿನಿಂದ ಲೌಂಜಿಗೆ ಕರೆದೊಯ್ದೆ. ಮೆತ್ತನೆಯ ಸೋಫಾ, ಬೇಕಾದಷ್ಟು ಗೋಡಂಬಿ. "ಇದೆಲ್ಲ ಫ್ರೀ ಅತ್ತೆ, ಗೋಲ್ಡ್ ಕಾರ್ಡು" ಎಂದೆ. ಅವರು ಗೋಡಂಬಿಯ ಕಡೆ ನೋಡಲೇ ಇಲ್ಲ. "ವಸೂಗೆ ಒಂದ್ ಫೋನ್ ಮಾಡಿ ಅಳಿಯಂದ್ರೇ, ಯಾಕೋ ಅವಳದೇ ಯೋಚನೆ" ಎಂದರು.

ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಹತ್ತಿರದ ದಾರಿಯಲ್ಲಿ ಬಂದಿದ್ದರೆ ಅಷ್ಟು ಹೊತ್ತಿಗೆ ನಾವು ಮನೆಯಲ್ಲಿರುತ್ತಿದ್ದೆವು ಎಂಬುದು ಆಗ ತಲೆಗೆ ಹೊಳೆಯಿತು. ಯೋರಾನ್ ಬನ್ನು ಮುರಿಯುತ್ತ ಕೇಳಿದ ಪ್ರಶ್ನೆ ನೆನಪಾಯಿತು. ಕೈಯಲ್ಲಿದ್ದ ಗೋಡಂಬಿಯನ್ನು ತಟ್ಟೆಗೆ ಹಾಕಿ ಮತ್ತೆ ನಂಬರು ಒತ್ತಹೊರಟೆ. ಅಷ್ಟರಲ್ಲಿ ನನ್ನ ಫೋನೇ ಹೊಡೆದುಕೊಂಡಿತು. ನಮ್ಮ ಮೇಲಿನ ಮನೆಯ ಫಿಲೊಮಿನಾ ಅಕ್ಕ, ಉಡುಪಿ ಕಡೆಯವರು. "ಗಾಬರಿ ಮಾಡ್ಬೇಡ ಮಾರಾಯ. ಹೆಣ್ಣುಮಗು! ವಸುಧಾನೂ ಆರಾಮ್, ಮಗುವೂ ಆರಾಮ್. ಸ್ವಲ್ಪ ಅವಸರ ಮಾಡಿತು ಅಷ್ಟೇ, ನಿನ್ನ ಹಾಗೆ ಅಲ್ಲ" ಎಂದರು. ಲೌಂಜಿನಲ್ಲಿ ಕೋಟು ಹಾಕಿದ ಅಷ್ಟು ಜನರ ನಡುವೆ ನಾನು ಗೊಳೋ ಎಂದು ಅತ್ತುಬಿಟ್ಟೆ. ಅದರಲ್ಲಿ ಪಶ್ಚಾತ್ತಾಪವೆಷ್ಟು, ಸಂತೋಷವೆಷ್ಟು ಎಂಬ ಕೋಷ್ಟಕ ನನ್ನಲ್ಲಿಲ್ಲ.

ಸುದ್ದಿ ಕೇಳಿದ ಅತ್ತೆ ನನ್ನನ್ನು ಬೈಯಬಹುದಿತ್ತು. ಬೈಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಊರಿಂದ ಕಾಪಾಡಿಕೊಂಡು ಬಂದಿದ್ದ ಡಬ್ಬಿಯ ಮುಚ್ಚಳ ತೆಗೆದರು. "ಮೊಮ್ಮಗಳು ಹುಟ್ಟಿದಾಳೆ, ಬಾಯಿ ಸಿಹಿ ಮಾಡ್ಕೊಳ್ಳಿ" ಎನ್ನುತ್ತ ಒಬ್ಬೊಬ್ಬರ ಮುಂದೆಯೂ ನಿಂತು ಅಂಟಿನುಂಡೆ ಹಂಚಿದರು. ಪತ್ರಿಕೆ ಓದುತ್ತಿದ್ದವರು ಪತ್ರಿಕೆ ಮಡಿಸಿದರು. ನಾನು ಹಿಂದೆ ಹಿಂದೆ ಹೋಗಿ ಅನುವಾದ ಮಾಡಿದೆ. ಕೌಂಟರಿನ ನರೆಗೂದಲಿನ ಹೆಂಗಸು ಉಂಡೆಯನ್ನು ಪೂರ್ತಿ ತಿಂದು, ಅತ್ತೆಯ ಎರಡೂ ಕೈ ಹಿಡಿದುಕೊಂಡು, ಆಮೇಲೆ ಕಂಪ್ಯೂಟರಿನ ಮುಂದೆ ಬಹಳ ಹೊತ್ತು ಕೂತರು. ಮಂಜು ತೆರವಾದ ಕೂಡಲೇ ಮೊದಲು ಹೊರಡುವ ವಿಮಾನದಲ್ಲಿ ನಮಗೆ ಎರಡು ಜಾಗ ಹುಡುಕಿಕೊಟ್ಟರು. ಕೋಪನ್‌ಹೇಗನ್ನಿಗೆ, ಅಲ್ಲಿಂದ ರೈಲು. ಅದು ಯಾವ ಕಂಪನಿಯ ವಿಮಾನ ಅಂತೀರಿ? ನಾನು ಕೋಷ್ಟಕ ಹಾಕಿ ಬೇಡವೆಂದಿದ್ದ ಆ ಮೊದಲನೆಯದು. ಹೊರಡುವಾಗ ಆಕೆ ತಮ್ಮ ಮನೆಯಲ್ಲಿ ಮಾಡಿದ್ದ ಬಿಸ್ಕತ್ತಿನ ಒಂದು ನೀಲಿ ಡಬ್ಬಿಯನ್ನು ಅತ್ತೆಯ ಕೈಗಿಟ್ಟರು.

ಆಸ್ಪತ್ರೆಯಲ್ಲಿ ವಸುಧಾ ತಾಯಿಯನ್ನು ತಬ್ಬಿಕೊಂಡು, ಅವರ ಭುಜದ ಮೇಲಿಂದ ನನ್ನನ್ನು ನೋಡಿ, "ಬಂದ್ರಾ? ಪಾಯಿಂಟ್ ಎಷ್ಟಾಯ್ತು?" ಎಂದಳು. ಉಳಿದ ಕಥೆ ಫಿಲೊಮಿನಾ ಅಕ್ಕ ಹೇಳಿದರು. ಹಿಮದಲ್ಲಿ ಟ್ಯಾಕ್ಸಿ ಸಿಗದೆ ಅವರು ಯೋರಾನ್‌ಗೆ ಫೋನ್ ಮಾಡಿದರಂತೆ. ಅವನು ಕಾರು ತಂದು ಇಬ್ಬರನ್ನೂ ಆಸ್ಪತ್ರೆಗೆ ಮುಟ್ಟಿಸಿ, ಫ್ಲಾಸ್ಕಿನ ಕಾಫಿ ಕುಡಿಯುತ್ತ ಹೊರಗೇ ಕಾದನಂತೆ. ಈ ದೇಶದಲ್ಲಿ ಹೆರಿಗೆಗೆ ಅಪ್ಪ ಇಲ್ಲದಿರುವುದು ಅಪರೂಪ. ನರ್ಸ್ ಬಂದು ಅವನ ಕೈಕುಲುಕಿ ಅಭಿನಂದಿಸಿದಳಂತೆ. ಅವನು ಟೊಮೇಟೊ ಹಾಗೆ ಕೆಂಪಾಗಿ, "ನಾನಲ್ಲ, ಅವನು ಝೂರಿಕ್‌ನಲ್ಲಿದ್ದಾನೆ" ಎಂದನಂತೆ. ಅಕ್ಕ ರಾತ್ರಿಯೆಲ್ಲ ವಸುಧಾಳ ಬೆನ್ನು ನೀವಿದರು, ಬೆಳಿಗ್ಗೆ ಗಂಜಿ ಮಾಡಿ ತಂದರು. ಇವರಿಬ್ಬರನ್ನೂ ನಾನು ಯಾವ ಕೋಷ್ಟಕದಲ್ಲೂ ಹಾಕಿ ಆಯ್ದವನಲ್ಲ. ತಾವಾಗಿ ಸಿಕ್ಕಿದವರು. ಈಗಲೂ ನೆನೆದರೆ ಎದೆ ತುಂಬಿ ಬರುತ್ತದೆ.

ಬಾಣಂತನ ಮುಗಿಯಿತು. ಅತ್ತೆಯನ್ನು ವಾಪಸ್ಸು ಬಿಟ್ಟುಬರಲು ನಾನೇ ಹೊರಟೆ. ಬುದ್ಧಿ ಬಂದಿತ್ತು ನೋಡಿ, "ಈ ಸಲ ಹತ್ತಿರದ ದಾರಿ ಅತ್ತೆ, ಸುತ್ತಾಟ ಬೇಡ" ಎಂದೆ.

"ಅಯ್ಯೋ, ಆ ಮಂಜಿನ ಊರಿಗೆ ಹೋಗಲ್ವಾ? ಅವರ ಡಬ್ಬಿ ನಮ್ಮತ್ರನೇ ಇದೆಯಲ್ಲ!"

"ಅವರು ಅದನ್ನ ಕೊಟ್ಟುಬಿಟ್ರು ಅತ್ತೆ. ವಾಪಸ್ ಕೇಳಲ್ಲ."

"ಅವರು ಕೇಳಲ್ಲ ಅಂತ ನಾವು ಇಟ್ಕೊಳ್ಳೋದಾ? ಕೊಟ್ಟವರ ಡಬ್ಬಿ ಬರಿದಾಗಿ ಕಳಿಸಬಾರದು ಅಳಿಯಂದ್ರೇ" ಎಂದವರೇ ಅಕ್ಕಿಹಿಟ್ಟು ಕಲಸಲು ಕೂತರು.

ಹೀಗೆ ನನ್ನ ವಾರಗಟ್ಟಲೆಯ ಸಂಶೋಧನೆಗೆ ಒಂದು ನೀಲಿ ಡಬ್ಬಿ ತೀರ್ಪು ಕೊಟ್ಟಿತು. ಸ್ಟಾಕ್‌ಹೋಮ್, ಝೂರಿಕ್, ಮುಂಬಯಿ, ಮತ್ತದೇ ಸುತ್ತುದಾರಿ. ಝೂರಿಕ್‌ನ ಲೌಂಜಿನ ಬಾಗಿಲ ಕೌಂಟರಿನಲ್ಲಿ ಅದೇ ಹೆಂಗಸು ಇದ್ದರು. ನಾನು ಚಿನ್ನದ ಕಾರ್ಡನ್ನು ಜೇಬಿನಿಂದ ತೆಗೆದು, ಶರ್ಟಿಗೆ ಒರೆಸಿ ಮುಂದೆ ಚಾಚಿದೆ. ಆಕೆ ಅದನ್ನು ನೋಡಲೇ ಇಲ್ಲ. ಕೌಂಟರ್ ಬಿಟ್ಟು ಎದ್ದು ಬಂದು ಅತ್ತೆಯನ್ನು ಅಪ್ಪಿಕೊಂಡರು. ಡಬ್ಬಿ ತೆರೆದು ಕೋಡುಬಳೆ ಕಂಡು ನಕ್ಕರು. ಅತ್ತೆ ಕನ್ನಡದಲ್ಲಿ, ಆಕೆ ತಮ್ಮ ಭಾಷೆಯಲ್ಲಿ, ಇಬ್ಬರೂ ಮೊಮ್ಮಗಳ ವಿಚಾರ ಮಾತಾಡುತ್ತ ಒಳಗೆ ನಡೆದರು. ಕಾರ್ಡು ಹಿಡಿದು ಬಾಗಿಲಲ್ಲೇ ನಿಂತಿದ್ದ ನನ್ನ ಕಡೆ ಆಕೆ ಒಮ್ಮೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು: "ಕ್ಷಮಿಸಿ, ತಾವು ಇವರ ಜೊತೆ ಬಂದವರೇ?"

ಹೌದೆಂದೆ. ಒಳಗೆ ಬಿಟ್ಟರು.